ಹಿಂಡಿಯ ನಡುವೆ ಒಂದು ಗುಂಡಿ

ಅರ್ಜುನಪ್ಪ ಮಾಸ್ತರರ ರಕ್ತದಲ್ಲಿ ಕೊಲೆಸ್ಟ್ರಾಲ್ ಸರಿಯಾಗಿದೆ ಎಂಬ ಸುದ್ದಿ ಮನೆಯಲ್ಲಿ ಯಾರಿಗೂ ಸರಿಬರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಸ್ವತಃ ಮಾಸ್ತರರಿಗೆ. ಪೇಢೆ, ಮಿರ್ಚಿ ಭಜಿ ಮತ್ತು ಮಧ್ಯಾಹ್ನದ ನಿದ್ದೆಯ ಮೇಲೆ ವರ್ಷಗಟ್ಟಲೆ ಕಟ್ಟಿದ ದೇಹ ಅದು. ಅವರ ಓರಗೆಯ ಮಾಸ್ತರರೆಲ್ಲ ನಿವೃತ್ತಿಯ ಮೇಲೆ ಒಬ್ಬೊಬ್ಬರಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಮಾತಿಗೊಂದು ವಿಷಯ ಸಂಪಾದಿಸಿಕೊಂಡಿದ್ದರು. ಸಂಜೆ ಕೆಲಗೇರಿ ಕೆರೆಯ ದಂಡೆಯಲ್ಲಿ ಹೇಳಿಕೊಳ್ಳಲು ತಮಗೆ ಒಂದೂ ಬೇನೆ ಇಲ್ಲದ್ದು ಮಾಸ್ತರರಿಗೆ ಬಡ್ತಿ ತಪ್ಪಿದಷ್ಟು ಬೇಸರ ತಂದಿತ್ತು.

ಬುದ್ಧ ಪೂರ್ಣಿಮೆಯ ದಿನ ವಿಹಾರದಲ್ಲಿ ಉಚಿತ ರಕ್ತ ತಪಾಸಣೆ ಇಟ್ಟಿದ್ದರು. ಬರೀ ಹೊಟ್ಟೆಯಲ್ಲಿ ಹೋಗಬೇಕು ಎಂದಾಗ, ಮುಗಿದ ಕೂಡಲೇ ತಿನ್ನಲು ಉಪ್ಪಿಟ್ಟಿನ ಡಬ್ಬಿ ಹಿಡಿದುಕೊಳ್ಳಲೆಂದು ಹೆಂಡತಿ ಸತ್ಯವ್ವನನ್ನೂ ಕರೆದುಕೊಂಡು ಹೋದರು. ಡಬ್ಬಿ ಹಿಡಿದು ಕುಳಿತವಳನ್ನು ನೋಡಿ ನರ್ಸಬಾಯಿ, "ಅಜ್ಜಿ, ನೀವೂ ಏನೂ ತಿಂದಿಲ್ಲಲ್ಲ? ತೋಳು ಕೊಡ್ರಿ ಇತ್ಲಾಗ" ಅಂದಳು. ಗಂಡ ಉಣ್ಣುವ ಮೊದಲು ಸತ್ಯವ್ವ ಎಂದೂ ಉಂಡವಳಲ್ಲ. ಹೀಗಾಗಿ ತಪಾಸಣೆಗೆ ಬೇಕಾದ ಅರ್ಹತೆ ಅವಳಿಗೆ ಮದುವೆಯಾದಾಗಿನಿಂದ ಇತ್ತು.

ಮಾಸ್ತರರದು ಎಲ್ಲ ಸರಿ. ಕಡ್ಡಿಯ ಹಾಗಿದ್ದ ಸತ್ಯವ್ವನ ಕೆಟ್ಟ ಕೊಲೆಸ್ಟ್ರಾಲ್, ನೂರರ ಆಸುಪಾಸು ಇರಬೇಕಾದದ್ದು, ನೂರಾ ಎಪ್ಪತ್ತೆಂಟು.

"ಬಾಟಲಿ ಅದಲಬದಲ ಆಗ್ಯಾವು" ಎಂದು ಮಾಸ್ತರರು ಘೋಷಿಸಿದರು. "ಆ ಹುಡುಗಿ ಬರೀ ಫೋನ್ ನೋಡಾಕತ್ತಿತ್ತು. ನಂದು ಇಕೀಗೆ ಬರದಾಳ."

ಮಗ ರಾಜರತ್ನ ಧಾರವಾಡದ ಪಕ್ಕದ ಬೇಲೂರಿನ ಕಾರ್ಖಾನೆಯೊಂದರಲ್ಲಿ ಪಂಪಿನ ಬಿಡಿಭಾಗಗಳ ಅಳತೆ ಪರೀಕ್ಷಿಸುವವ. ದಿನವಿಡೀ ಕಬ್ಬಿಣ ಅಳೆದು ಬಂದವನಿಗೆ ಮನೆಯಲ್ಲಿ ಯಾವುದನ್ನೂ ಅಳೆಯುವ ಉಮೇದು ಇರುತ್ತಿರಲಿಲ್ಲ. ಆದರೂ ಅಂದ, "ಅಪ್ಪಾ, ಲ್ಯಾಬಿನ್ಯಾಗ ಮತ್ತೊಮ್ಮೆ ಮಾಡಿಸೀವಿ. ಅಷ್ಟ ಬಂದೈತಿ."

"ಲ್ಯಾಬಿನಾವನೂ ಫೋನ್ ನೋಡ್ತಿದ್ನೇನು ಕೇಳಿದ್ಯಾ?"

ಇಷ್ಟೇ ಆಗಿದ್ದರೆ ಒಂದು ವಾರ ಮಾತಾಡಿ ಮರೆಯಬಹುದಿತ್ತು. ತೊಂದರೆ ಇದ್ದದ್ದು ಪಾಕೀಟಿನ ಮೇಲೆ.

ಸತ್ಯವ್ವ ಅಂಗನವಾಡಿಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಕೈ ಕಟ್ಟಿ ಕೂಡುವುದು ಗೊತ್ತಿಲ್ಲದೆ ಹಿಂಡಿ ಮಾಡಿ ಮಾರತೊಡಗಿದ್ದಳು. ಅಗಸೆಬೀಜವನ್ನು ಚಟಪಟ ಎನ್ನುವ ತನಕ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಚೂರು ಹುಣಸೆಹಣ್ಣು ಸೇರಿಸಿ ಕುಟ್ಟಿದ ಪುಡಿ. ರೊಟ್ಟಿಯ ಜೊತೆಗೆ ಅದೊಂದಿದ್ದರೆ ಪಲ್ಯ ತಡವಾದರೂ ಯಾರೂ ಜಗಳ ತೆಗೆಯುವುದಿಲ್ಲ. ಓಣಿಯವರು ಕೊಳ್ಳುತ್ತಿದ್ದರು, ರುಚಿ ಅಂತ. ಕಾಲೇಜಿನಲ್ಲಿ ವಾಣಿಜ್ಯ ಓದುತ್ತಿದ್ದ ಮೊಮ್ಮಗಳು ಸ್ನೇಹಲ್‌ಗೆ ಬರೀ ರುಚಿ ಸಾಲದಾಯಿತು. ಫೋನಿನಲ್ಲಿ ಏನೋ ಓದಿ ಪಾಕೀಟಿಗೊಂದು ಚೀಟಿ ಅಚ್ಚು ಹಾಕಿಸಿದಳು. ಮೇಲೆ 'ಸತ್ಯವ್ವಜ್ಜಿಯ ಅಗಸಿ ಹಿಂಡಿ'. ಕೆಳಗೆ ಕೆಂಪು ಅಕ್ಷರದಲ್ಲಿ 'ಕೊಲೆಸ್ಟ್ರಾಲ್ ಇಳಿಸುತ್ತದೆ'. ಆ ಕೆಂಪು ಸಾಲು ಬಂದ ಮೇಲೆ ಪಾಕೀಟುಗಳು ಎರಡು ಓಣಿ ದಾಟಿ ಹೋಗತೊಡಗಿದವು.

ಈಗ ಡಾಕ್ಟರರು ಸತ್ಯವ್ವನಿಗೆ ದಿನಾ ಸಂಜೆ ಊಟವಾದ ಮೇಲೆ ಒಂದು ಗುಳಿಗೆ ಬರೆದುಕೊಟ್ಟಿದ್ದರು. ಅವಳು ಗುಳಿಗೆಯ ಪಟ್ಟಿಯನ್ನು ಬಾಬಾಸಾಹೇಬರ ಫೋಟೋದ ಕೆಳಗಿನ ಗೂಡಿನಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ಇದನ್ನ ನಾ ನುಂಗೂದಿಲ್ಲ."

"ಯಾಕ್ರಿ ಅತ್ತಿ?" ಸೊಸೆ ಮಾಯಾ ಕೇಳಿದಳು.

"ನಾ ಗುಳಗಿ ನುಂಗಿದ್ರ ಪಾಕೀಟಿನ ಮ್ಯಾಲಿಂದು ಸುಳ್ಳಾಕ್ಕೈತಿ. ಪಾಕೀಟಿನ ಮ್ಯಾಲಿಂದು ಖರೇ ಇದ್ರ ಗುಳಗಿ ಬೇಕಾಗೂದಿಲ್ಲ. ಎರಡರಾಗ ಒಂದು."

ಮಾಯಾ ಹೆಬ್ಬಳ್ಳಿಯ ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಇಷ್ಟು ಅಚ್ಚುಕಟ್ಟಾದ ತಪ್ಪನ್ನು ಅವಳ ಯಾವ ವಿದ್ಯಾರ್ಥಿಯೂ ಈವರೆಗೆ ಬರೆದಿರಲಿಲ್ಲ.

"ಅತ್ತಿ, ಕುಂದರ್ರಿ. ಹೇಳ್ತೇನಿ ಕೇಳ್ರಿ. ನಾನು ಸುಳ್ಳ ಅನ್ನಾಕತ್ತಿಲ್ಲ. ಅಗಸಿಯೊಳಗ ನಾರು ಐತಿ, ಲಿಗ್ನಾನ್ ಅಂತೊಂದು ಅಂಶ ಐತಿ, ಸ್ಟೆರಾಲ್ ಅಂತ ಇನ್ನೊಂದು ಐತಿ. ಈ ಸ್ಟೆರಾಲ್ ನೋಡಾಕ ಕೊಲೆಸ್ಟ್ರಾಲ್‌ನ ತಮ್ಮ ಇದ್ದಂಗ. ನಮ್ಮ ಹೆಬ್ಬಳ್ಳಿ ಬಸ್ಸಿಗೆ ಮಂದಿ ಕಿಟಕಿಯಿಂದ ಕರ್ಚೀಪ್ ಒಗದು ಸೀಟ್ ಹಿಡೀತಾರಲ್ಲ, ಹಂಗ ಹೊಟ್ಟಿಯೊಳಗ ಇದು ಮೊದಲ ಹೋಗಿ ಸೀಟ್ ಹಿಡೀತೈತಿ. ಕೊಲೆಸ್ಟ್ರಾಲ್‌ಗೆ ಕುಂದ್ರಾಕ ಜಾಗ ಸಿಗೂದಿಲ್ಲ, ಕೆಳಗ ಇಳದು ಹೋಗ್ತೈತಿ."

"ನೋಡಿದ್ರೇನು ಮತ್ತ!" ಸತ್ಯವ್ವ ಗಂಡನ ಕಡೆ ತಿರುಗಿದಳು. "ಸಾಲ್ಯಾಗ ಕಲಸೂ ಬಾಯಿನೇ ಹೇಳಾಕತ್ತಾಳ."

"ಆದ್ರ ಅತ್ತಿ, ನಾಲ್ಕು ಸೀಟ್ ಅಷ್ಟ. ಇಡೀ ಬಸ್ ಅಲ್ಲ. ಒಂದೀಟು ಇಳೀತೈತಿ. ನಿಮಗ ಇಳೀಬೇಕಾದದ್ದು ಬಾಳ ಐತಿ. ಬೀಜನೂ ತಿನ್ರಿ, ಗುಳಗಿನೂ ತಗೋರಿ. ಎರಡಕ್ಕೂ ಜಗಳ ಇಲ್ಲ."

"ನಾಲ್ಕು ಸೀಟ್ ಯಾಕ? ನಾ ಬಸ್ ತುಂಬ ಕರ್ಚೀಪ್ ಒಗೀತೇನಿ."

"ದ್ಯಾಮವ್ವ ಚಿಗವ್ವ ಹ್ಯಾಂಗ ಹೋದ್ರು ಅನ್ನೂದು ನೆನಪೈತಲ್ಲ?" ಎಂದ ರಾಜರತ್ನ, ಬಾಗಿಲಲ್ಲಿ ನಿಂತೇ.

ದ್ಯಾಮವ್ವ ಸತ್ಯವ್ವನ ತಂಗಿ. ಹೋದ ವರ್ಷ ರೊಟ್ಟಿ ಬಡಿಯುತ್ತ ಕುಳಿತವಳು ಎದೆ ಹಿಡಿದುಕೊಂಡು ಅಲ್ಲೇ ಒರಗಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಾದ ವಾಸನೆಗೇ ಮನೆಯವರು ಒಳಗೆ ಬಂದದ್ದು.

"ಅಕಿ ಹೆಸರು ಇದರಾಗ ತರಬ್ಯಾಡ" ಎಂದಳು ಸತ್ಯವ್ವ. ದನಿ ಏರಲಿಲ್ಲ. "ಎರಡ ತಿಂಗಳು ಕೊಡ್ರಿ. ಇಳಸಿ ತೋರಸ್ತೇನಿ. ಇಳೀಲಿಲ್ಲ ಅಂದ್ರ ಆಮ್ಯಾಲ ಮಾತಾಡೂಣು."

ಅಲ್ಲಿಂದ ಮನೆಯಲ್ಲಿ ಅಗಸೆಯ ರಾಜ್ಯಭಾರ ಶುರುವಾಯಿತು.

ಅವಲಕ್ಕಿಯಲ್ಲಿ ಅಗಸೆ. ಬದನೆಕಾಯಿ ಎಣಗಾಯಿಯ ಹೊಟ್ಟೆಯಲ್ಲಿ ಶೇಂಗಾ ಹೋಗಿ ಅಗಸೆ. ರೊಟ್ಟಿಯ ಹಿಟ್ಟಿನಲ್ಲಿ ಅಗಸೆ, ರೊಟ್ಟಿಯ ಪಕ್ಕದಲ್ಲಿ ಅಗಸೆ. ಒಂದು ದಿನ ಮಾಸ್ತರರು ಶಿರಾದ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಸತ್ಯವ್ವಾ, ಇದರಾಗ ಕರ್ರಗ ಏನೋ ಐತಿ."

"ಯಾಲಕ್ಕಿ."

"ಯಾಲಕ್ಕಿ ನನಗ ಗೊತ್ತೈತಿ. ನನ್ನ ರಕ್ತ ಛಲೋ ಐತಿ ಅಂತ ಸರಕಾರದ ನರ್ಸ್ ಬರಕೊಟ್ಟಾಳ. ನಿನ್ನ ಬೇನಿಗೆ ನಾ ಯಾಕ ಔಷಧ ತಿನ್ನಬೇಕಬೇ?"

"ನೀವು ತಿಂದ ಪೇಢೆ ನನ್ನ ರಕ್ತಕ್ಕ ಬಂದಾವು. ನಾ ತಿಂದ ಅಗಸಿ ನಿಮಗ ಬರಲಿ."

ಸ್ನೇಹಲ್ ನಕ್ಕು ಉಗುಳು ನೆತ್ತಿಗೇರಿಸಿಕೊಂಡಳು. ಮಾಸ್ತರರು ಶಿರಾ ತಿಂದರು, ಆದರೆ ಪ್ರತಿಭಟನೆಯಾಗಿ ದ್ರಾಕ್ಷಿಯನ್ನಷ್ಟೇ ಆರಿಸಿ ಮೊದಲು ತಿಂದರು.

ಇನ್ನೊಂದು ಜಗಳ ಬೆಣ್ಣೆಯದು. ಅಮ್ಮಿನಬಾವಿಯಲ್ಲಿ ಮಾಸ್ತರರ ತಂಗಿಯ ಮನೆ. ಧಾರವಾಡದ ಸಂತೆಗೆ ಬರುವವರ ಕೈಯಲ್ಲಿ ಅವಳು ವಾರಕ್ಕೊಮ್ಮೆ ಎಮ್ಮೆಯ ಬೆಣ್ಣೆಯ ಮುದ್ದೆ ಕಳಿಸುತ್ತಿದ್ದಳು. ಮೊದಲು ವಾರ ತುಂಬ ಬರುತ್ತಿದ್ದ ಮುದ್ದೆ ಈಗ ವಾರದ ನಡುವೆಯೇ ತಳ ಕಾಣತೊಡಗಿತು.

"ಅಪ್ಪಾ, ರಕ್ತ ಛಲೋ ಐತಿ ಅಂತ ಹಿಂಗ ಬೆಣ್ಣಿ ತಿನ್ನೂದೇನು?" ಎಂದ ರಾಜರತ್ನ.

"ನಾ ಮುಟ್ಟಿಲ್ಲೋ."

"ಮತ್ತ ಯಾರು? ಬೆಕ್ಕಾ?"

"ನೀನು ಪರೀಕ್ಷಾ ಮಾಡಾವ. ಬೆರಳ ಗುರುತು ನೋಡು."

ಯಾರೂ ಬೆರಳ ಗುರುತು ನೋಡಲಿಲ್ಲ. ಪೇಢೆಯ ಇತಿಹಾಸವಿದ್ದವರ ಮಾತಿಗೆ ಮನೆಯಲ್ಲಿ ಸಾಕ್ಷ್ಯದ ಬೆಲೆ ಇರಲಿಲ್ಲ. ಮಾಸ್ತರರು ಕೆರೆಯ ದಂಡೆಗೆ ಹೋಗಿ, ಹೇಳಿಕೊಳ್ಳಲು ಕಡೆಗೂ ತಮಗೊಂದು ನೋವು ಸಿಕ್ಕಿತೆಂದು ಅದನ್ನೇ ಹೇಳಿಕೊಂಡರು.

ಮಾಯಾ ಮತ್ತು ಸತ್ಯವ್ವನ ನಡುವೆ ಮಾತು ಕೆಲಸದ್ದಷ್ಟೇ ಉಳಿಯಿತು. ಬೆಳಿಗ್ಗೆ ಮಾಯಾ ಬಸ್ಸಿಗೆ ಓಡುವಾಗ ಗೂಡಿನ ಕಡೆಗೊಮ್ಮೆ ನೋಡುತ್ತಿದ್ದಳು. ಪಟ್ಟಿಯಲ್ಲಿ ಗುಳಿಗೆಗಳು ಇದ್ದಂತೆಯೇ ಇರುತ್ತಿದ್ದವು.

"ಏನ ನೋಡ್ತಿ? ಮರಿ ಹಾಕ್ತಾವೇನವು?" ಎಂದು ಒಳಗಿನಿಂದ ಸತ್ಯವ್ವ.

"ನಿಮ್ಮ ಅಂಗನವಾಡಿಗೆ ಬರತಿದ್ದ ಬಸರಿ ಹೆಂಗಸರು ಹಿಂಗ ಅಂದಿದ್ರ ಬಿಡ್ತಿದ್ರೇನ್ರಿ?"

ಇದು ಸರಿಯಾದ ಜಾಗಕ್ಕೆ ಬಿದ್ದ ಏಟು. ಸತ್ಯವ್ವ ತನ್ನ ಕೆಲಸದ ವರ್ಷಗಳುದ್ದಕ್ಕೂ ಬಸುರಿಯರ ಅಂಗೈಗೆ ಕಬ್ಬಿಣದ ಗುಳಿಗೆ ಹಾಕಿದವಳು. ಮನೆಗೆ ಒಯ್ದು ನುಂಗುತ್ತೇನೆ ಎಂದವರನ್ನು ಅವಳು ನಂಬುತ್ತಿರಲಿಲ್ಲ. ಹಿತ್ತಲಿನಲ್ಲಿ ಒಗೆಯುತ್ತಾರೆ ಎಂದು ಗೊತ್ತಿತ್ತು. "ನನ್ನ ಮುಂದ ನುಂಗು. ಬಾಯಿ ತೆರಿ. ನಾಲಗಿ ಎತ್ತು" ಎಂದು ಖಾತ್ರಿ ಮಾಡಿಕೊಂಡೇ ಕಳಿಸುತ್ತಿದ್ದಳು. ಆ ಓಣಿಯಲ್ಲಿ ಈಗಲೂ ಮಕ್ಕಳ ತಾಯಂದಿರು ಅವಳನ್ನು ಕಂಡರೆ ಅರಿವಿಲ್ಲದೆ ತುಟಿ ಬಿಗಿಹಿಡಿಯುತ್ತಾರೆ.

"ಅವರ ಹೊಟ್ಟ್ಯಾಗ ಕೂಸಿತ್ತು. ನನ್ನ ಹೊಟ್ಟ್ಯಾಗ ಏನೈತಿ?" ಎಂದಳು ಸತ್ಯವ್ವ. ಮಾಯಾ ಚಪ್ಪಲಿ ಮೆಟ್ಟಿ ಓಡಿದಳು. ಬಸ್ಸು ತಪ್ಪುವಂತಿತ್ತು.

ಎರಡು ತಿಂಗಳಿಗೆ ಮತ್ತೆ ರಕ್ತ ಕೊಟ್ಟರು. ಸಂಜೆ ಸ್ನೇಹಲ್‌ಳ ಫೋನಿಗೆ ವರದಿ ಬಂತು. ಅವಳು ಓದಿ, ಫೋನನ್ನು ಬೋರಲು ಹಾಕಿದಳು.

"ಹೇಳಬೇ" ಎಂದಳು ಸತ್ಯವ್ವ.

"ಅಜ್ಜಿ... ನೂರಾ ತೊಂಬತ್ತೊಂದು."

"ಇಳೀತಾ?"

"ಏರೇತಿ."

ಮಾಸ್ತರರು ಮೊದಲು ಗೆದ್ದವರಂತೆ ನೆಟ್ಟಗೆ ಕುಳಿತರು. ಆಮೇಲೆ ಹೆಂಡತಿಯ ಮುಖ ನೋಡಿ ಮತ್ತೆ ಬೆನ್ನು ಬಾಗಿಸಿದರು. "ಬಾಟಲಿ..." ಎಂದು ಶುರುಮಾಡಿದ್ದನ್ನು ಅರ್ಧಕ್ಕೇ ನುಂಗಿದರು. ಆ ಮನೆಯಲ್ಲಿ ಮಾಸ್ತರರು ಮಾತು ನುಂಗಿದ್ದನ್ನು ಯಾರೂ ಕಂಡಿರಲಿಲ್ಲ. ಅದೇ ಎಲ್ಲರಿಗೂ ಹೆದರಿಕೆ ಹುಟ್ಟಿಸಿತು.

ಎಲ್ಲರ ಊಟವಾಯಿತು. ಎಂದಿನಂತೆ ಸತ್ಯವ್ವ ಕಡೆಗೆ, ಒಳಗೆ, ಅಡುಗೆಮನೆಯ ಮಣೆಯ ಮೇಲೆ ಒಬ್ಬಳೇ ಕುಳಿತು ಉಣ್ಣಲು ಬಡಿಸಿಕೊಂಡಳು. ಏನಾದರೂ ಸಮಾಧಾನ ಹೇಳಬೇಕೆಂದು ಮಾಯಾ ಒಳಗೆ ಬಂದಳು. ಹೇಳಬೇಕೆಂದಿದ್ದ ಮಾತು ತಟ್ಟೆ ನೋಡಿ ಮರೆತುಹೋಯಿತು.

ರೊಟ್ಟಿಯ ಪಕ್ಕ ಅಗಸೆ ಹಿಂಡಿಯ ಗುಡ್ಡ. ಗುಡ್ಡದ ನಡುವೆ ಹೆಬ್ಬೆರಳಿನಿಂದ ಒತ್ತಿದ ಗುಂಡಿ. ಹಿಂಡಿಯನ್ನು ಒಣದಾಗಿ ತಿನ್ನುವವರು ಈ ಸೀಮೆಯಲ್ಲಿ ಇಲ್ಲ. ಎಲ್ಲರೂ ಗುಂಡಿ ಮಾಡುತ್ತಾರೆ, ಒಂದು ಹನಿ ಎಣ್ಣೆಯನ್ನೋ ಚೂರು ಬೆಣ್ಣೆಯನ್ನೋ ಹಾಕುತ್ತಾರೆ. ಸತ್ಯವ್ವನ ಗುಂಡಿಯಲ್ಲಿ ನಿಂಬೆಹಣ್ಣಿನ ಗಾತ್ರದ ಎಮ್ಮೆ ಬೆಣ್ಣೆ ಕುಳಿತಿತ್ತು.

"ಅತ್ತಿ, ಇದೇನ್ರಿ?"

"ಏನು? ಬೆಣ್ಣಿ."

"ದಿನಾ ಇಷ್ಟು ಹಾಕ್ಕೋತೀರಿ?"

"ಮೊದಲ ಒಂದೀಟ ಹಾಕ್ಕೋತಿದ್ದೆ. ಈಗ ಅಗಸಿ ಜಾಸ್ತಿ ಆತಲ್ಲ, ಬೆಣ್ಣಿನೂ ಜಾಸ್ತಿ ಬೇಕು. ಅಗಸಿ ಉಷ್ಣ. ಇಷ್ಟು ಅಗಸಿ ಬರೇ ತಿಂದ್ರ ಬಾಯಿ ತುಂಬ ಹುಣ್ಣಾಗಿ, ಉರಿ ಹತ್ತಿ ಸಾಯಬೇಕು. ಬೆಣ್ಣಿ ತಂಪು." ವಿಜ್ಞಾನದವಳಿಗೆ ಇಷ್ಟೂ ಗೊತ್ತಿಲ್ಲವೆ ಎಂಬಂತೆ ಸೊಸೆಯನ್ನು ನೋಡಿದಳು. "ಔಷಧ ತಗೊಂಡ ಮ್ಯಾಲೆ ಪಥ್ಯ ಇರಬೇಕಲ್ಲ?"

ಮಾಯಾ ನೆಲದ ಮೇಲೆ ಕುಳಿತೇಬಿಟ್ಟಳು. ಅವಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ನಗು ಮೊದಲು ಹೊರಬಂತು, ಅದೇ ತಪ್ಪಾಯಿತು.

"ಯಾಕ ನಗ್ತಿ?"

"ಅತ್ತಿ, ನೀವು ಕಿಟಕಿಯಿಂದ ಕರ್ಚೀಪ್ ಒಗದು ಸೀಟ್ ಹಿಡದ್ರಿ. ಹಿಂದಿನ ಬಾಗಿಲದಿಂದ ಇಡೀ ಮದುವಿ ಮಂದಿನ್ನ ಹತ್ತಿಸೀರಿ!"

ಹೊರಗಿನಿಂದ ಮಾಸ್ತರರು ಎದ್ದು ಬಂದರು. ತಟ್ಟೆ ನೋಡಿದರು. ಬೆಣ್ಣೆಯ ಪಾತ್ರೆ ನೋಡಿದರು. "ನಾ ಅಲ್ಲ ಅಂದಿದ್ದೆ" ಎಂದರು ಮೆಲ್ಲಗೆ. ಅವರ ಜೀವಮಾನದ ಅತಿ ದೊಡ್ಡ ಗೆಲುವು ಅದು; ಆದರೆ ಅದನ್ನು ಸಂಭ್ರಮಿಸಲು ವೇಳೆ ಸರಿಯಿರಲಿಲ್ಲ.

"ಬೆಣ್ಣಿ ಬಿಡ್ರಿ, ಗುಳಗಿ ಶುರು ಮಾಡ್ರಿ" ಎಂದಳು ಮಾಯಾ.

"ಬೆಣ್ಣಿ ಬಿಡ್ತೇನಿ. ಗುಳಗಿ ಇಲ್ಲ."

"ಎರಡ ತಿಂಗಳ ಅಂದಿದ್ರಿ. ಆತಲ್ಲ?"

"ಆ ಎರಡ ತಿಂಗಳು ಬೆಣ್ಣಿವು. ಅಗಸೀವು ಇನ್ನ ಶುರುನೇ ಆಗಿಲ್ಲ. ಮತ್ತ ಎರಡ ತಿಂಗಳ ಕೊಡು."

"ನಿಮ್ಮ ಎದಿ ಕೊಡ್ತೈತೇನ್ರಿ ಎರಡ ತಿಂಗಳು?" ಮಾಯಾ ಎದ್ದು ನಿಂತಿದ್ದಳು. "ಪಾಕೀಟಿನ ಮ್ಯಾಲಿನ ಒಂದು ಸಾಲಿನ ಸಲುವಾಗಿ ನೀವು ಸತ್ರ, ನಾ ಓಣಿ ಮಂದಿಗೆ ಏನಂತ ಹೇಳಲಿ? ಪಾಕೀಟ್ ಖರೇ ಇತ್ತು, ಅಜ್ಜಿನ ಸುಳ್ಳಾದ್ಲು ಅಂತ ಹೇಳಲೇನು?"

"ಹೇಳು. ನನಗೇನು ಕೇಳಸ್ತೈತಿ?"

ಮಾಯಾ ಹೊರಗೆ ಹೋದಳು. ಮರುದಿನದಿಂದ ಅವಳು ಗೂಡಿನ ಕಡೆ ನೋಡುವುದನ್ನು ಬಿಟ್ಟಳು. ಅದನ್ನು ಸತ್ಯವ್ವ ಗಮನಿಸಿದಳು; ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು. ಬೆಣ್ಣೆಯ ಪಾತ್ರೆಯನ್ನು ಅವಳು ತೊಳೆದು ಕವುಚಿ ಹಾಕಿದಳು. ಅಮ್ಮಿನಬಾವಿಗೆ ಫೋನ್ ಮಾಡಿ, "ಇನ್ನ ಬೆಣ್ಣಿ ಕಳಸಬ್ಯಾಡ, ನಿಮ್ಮಣ್ಣಗ ರಕ್ತ ಕೆಟ್ಟೈತಿ" ಅಂದಳು. ಪಕ್ಕದಲ್ಲೇ ಕುಳಿತಿದ್ದ ಮಾಸ್ತರರು ಬಾಯಿ ತೆರೆದು ಮುಚ್ಚಿದರು.

ಅದಾಗಿ ಒಂದು ವಾರವಿರಬಹುದು. ಸಂಜೆ ಹೊತ್ತು ರೆಹಮತ್‌ಬಿ ಬಂದಳು. ಅಂಗನವಾಡಿಯಲ್ಲಿ ಸತ್ಯವ್ವ ಶಿಕ್ಷಕಿಯಾಗಿದ್ದಷ್ಟು ಕಾಲ ರೆಹಮತ್‌ಬಿ ಸಹಾಯಕಿ. ಒಬ್ಬಳು ಬಸುರಿಯರ ಬಾಯಿ ತೆರೆಸಿದರೆ ಇನ್ನೊಬ್ಬಳು ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದಳು. ಈಗ ಎರಡು ಮನೆಯಾಚೆ ವಾಸ. ಹೋದ ವರ್ಷ ಅವಳ ಎದೆಯ ನಾಳಕ್ಕೆ ಸ್ಟೆಂಟ್ ಹಾಕಿದ್ದರು; ಓಣಿಯವರ ಬಾಯಲ್ಲಿ ಅದು ಸ್ಪ್ರಿಂಗ್. ಮಾಸ್ತರರು ಅವಳನ್ನು ಕಂಡಾಗೆಲ್ಲ ಎದ್ದು ಕುರ್ಚಿ ಬಿಡುತ್ತಿದ್ದರು, ಸ್ಪ್ರಿಂಗಿಗೆ ಗೌರವವೆಂದು.

"ಸತ್ಯವ್ವಾ, ಎರಡ ಪಾಕೀಟ್ ಕೊಡಬೇ. ಲಗೂ ಖಾಲಿ ಆಗಾಕತ್ತೈತಿ."

"ಹೋದ ವಾರ ಒಯ್ದಿದ್ದೆಲ್ಲ?"

"ದಿನಾ ಎರಡ ಹೊತ್ತು ತಿನ್ನಾಕತ್ತೇನಿ." ರೆಹಮತ್‌ಬಿ ಕುರ್ಚಿಯಲ್ಲಿ ಆರಾಮಾಗಿ ಕುಳಿತಳು. "ನಿನ್ನ ನೋಡಿ ನನಗೂ ಧೈರ್ಯ ಬಂತು. ನಾನೂ ಆ ಗುಳಗಿ ಬಿಟ್ಟಬಿಟ್ಟೆ."

ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಸತ್ಯವ್ವನ ಕೈ ನಿಂತಿತು.

"ಯಾವ ಗುಳಗಿ?"

"ಅದ, ಕೊಲೆಸ್ಟ್ರಾಲ್‌ದು. ನೀ ನುಂಗೂದಿಲ್ಲ ಅಂತ ಇಡೀ ಓಣಿಗೇ ಗೊತ್ತೈತಿ. ಸತ್ಯವ್ವಾನ ನುಂಗೂದಿಲ್ಲ, ಅಕಿ ಹಿಂಡಿನ ಸಾಕು ಅಂತಾರ ಮಂದಿ. ಪಾಕೀಟಿನ ಮ್ಯಾಲೂ ಬರದೈತಲ್ಲ? ಹಂಗಾರ ನಾ ಯಾಕ ನುಂಗಲಿ?"

ಪಾಠದ ನೋಟ್ಸ್ ಬರೆಯುತ್ತಿದ್ದ ಮಾಯಾ ತಲೆ ಎತ್ತಿದಳು.

"ರೆಹಮತ್‌ಬಿ, ನಿನ್ನ ಎದಿಯೊಳಗ ಸ್ಪ್ರಿಂಗ್ ಐತಿ."

"ಐತಿ. ಅದಕ್ಕೂ ಹಿಂಡಿ ಹತ್ತಲಿ."

"ತಲಿ ಕೆಟ್ಟೈತೇನ ನಿಂದು? ಡಾಕ್ಟರ್ ಏನಂದಿದ್ದಾ? ಜೀವ ಇರೂತನಕ ಬಿಡಬಾರದು ಅಂದಿದ್ದಾ. ನಾನೂ ಇದ್ನೆಲ್ಲ ಅವತ್ತ!" ಸತ್ಯವ್ವ ಎದ್ದಿದ್ದಳು. ಮಡಿಲಿನ ಮೆಣಸಿನಕಾಯಿ ನೆಲಕ್ಕೆ ಚೆಲ್ಲಿತು. "ಹೋಗು, ಈಗ ಹೋಗಿ ಗುಳಗಿ ತಗೊಂಡು ಬಾ. ನನ್ನ ಮುಂದ ನುಂಗು."

"ನೀ?"

"ನಂದ ಬ್ಯಾರೆ."

"ಯಾಕ ಬ್ಯಾರೆ? ನನ್ನ ಎದಿ ಮಾಂಸದ್ದು, ನಿಂದೇನು ಹಿತ್ತಾಳಿದಾ?" ರೆಹಮತ್‌ಬಿ ಕೈ ಕಟ್ಟಿ ಕುಳಿತಳು. "ನಾ ನುಂಗೂದಿಲ್ಲ. ನಿನ್ನ ಹಿಂಡಿ ಖರೇ ಅಂದ್ರ ಇಬ್ಬರಿಗೂ ಖರೇ. ಸುಳ್ಳಂದ್ರ ಇಬ್ಬರಿಗೂ ಸುಳ್ಳ."

"ಸುಳ್ಳಲ್ಲಬೇ!" ಸತ್ಯವ್ವನ ದನಿ ಒಡೆಯಿತು. "ಸುಳ್ಳಲ್ಲ. ಒಂದೀಟ ಖರೇ ಐತಿ. ಒಂದೀಟು."

ಆ ಮಾತು ಸೊಸೆಯದು. ಅದು ತನ್ನ ಬಾಯಿಂದ ಬಂದದ್ದು ಸತ್ಯವ್ವನಿಗೆ ಕೇಳಿಸಿತು, ಮಾಯಾಗೂ ಕೇಳಿಸಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ನನಗ ಒಂದೀಟು ಬರೂದಿಲ್ಲ" ಎಂದಳು ರೆಹಮತ್‌ಬಿ. "ನೀ ನುಂಗಿದ್ರ ನಾ ನುಂಗ್ತೇನಿ. ಇಲ್ಲಂದ್ರ ಎರಡ ಪಾಕೀಟ್ ಕೊಡು, ಹೊಂಟೆ."

ಸತ್ಯವ್ವ ನೆಲದ ಮೇಲೆ ಚೆಲ್ಲಿದ ಮೆಣಸಿನಕಾಯಿಗಳನ್ನು ನೋಡುತ್ತ ನಿಂತಳು. ಆಮೇಲೆ ಗೂಡಿನ ಕಡೆ ನಡೆದಳು.

"ಸ್ನೇಹಲ್, ಇಕಿ ಮನಿಗೆ ಹೋಗಿ ಇಕಿ ಗುಳಗಿ ತಗೊಂಡ ಬಾ. ಕಪಾಟಿನ ಮ್ಯಾಲಿನ ಡಬ್ಬ್ಯಾಗ ಇರ್ತಾವು. ಮಾಯಾ, ನೀರು."

"ಊಟ ಆದ ಮ್ಯಾಲೆ ಅಂದಾರ ಡಾಕ್ಟರ್" ಎಂದರು ಮಾಸ್ತರರು.

"ಹಂಗಾರ ಊಟನೂ ಇಲ್ಲೇ. ಇಕೀನ್ನ ಬಿಟ್ರ ಮತ್ತ ಬರೂದಿಲ್ಲ."

ಹಾಗೆ ರೆಹಮತ್‌ಬಿ ಅಂದು ಅಲ್ಲೇ ಉಂಡಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಹಿಂಡಿ. ಮನೆಯವರೆಲ್ಲ ಜೊತೆಗೆ ಕುಳಿತರು. ಸತ್ಯವ್ವನೂ ಕುಳಿತಳು, ಯಾಕೆಂದರೆ ಅತಿಥಿಯ ಮೇಲೆ ಕಣ್ಣಿಡಬೇಕಿತ್ತು. ಊಟವಾದ ಮೇಲೆ ಇಬ್ಬರು ಮುದುಕಿಯರು ಎದುರುಬದುರು ಕುಳಿತರು. ಇಬ್ಬರ ಅಂಗೈಯಲ್ಲೂ ಒಂದೊಂದು ಗುಳಿಗೆ. ಮಾಯಾ ಎರಡು ಲೋಟ ಹಿಡಿದು ನಿಂತಳು.

"ಮೊದಲ ನೀ" ಎಂದಳು ರೆಹಮತ್‌ಬಿ.

"ಇಬ್ಬರೂ ಕೂಡೆ."

ನುಂಗಿದರು. ಸತ್ಯವ್ವ ಹಳೆಯ ರೂಢಿಯಂತೆ ಮುಂದೆ ಬಾಗಿದಳು. "ಬಾಯಿ ತೆರಿ. ನಾಲಗಿ ಎತ್ತು."

ರೆಹಮತ್‌ಬಿ ತೆರೆದಳು, ಎತ್ತಿದಳು. ಆಮೇಲೆ ಬಾಯಿ ಮುಚ್ಚಿ, ಅಷ್ಟೂ ವರ್ಷ ನೀರಿನ ಲೋಟ ಹಿಡಿದು ನಿಂತು ಕೇಳಿದ್ದ ಅದೇ ಗತ್ತಿನಲ್ಲಿ ಅಂದಳು: "ಈಗ ನೀ ತೆರಿಬೇ, ಅಂಗನವಾಡಿ ಬಾಯಾರ. ನಿನ್ನ ಮ್ಯಾಲೆ ನನಗ ನಂಬಿಕಿ ಇಲ್ಲ."

ಸತ್ಯವ್ವ ಬಾಯಿ ತೆರೆದಳು. ನಾಲಗೆ ಎತ್ತಿದಳು. ರೆಹಮತ್‌ಬಿ ಕಣ್ಣು ಕಿರಿದುಮಾಡಿ ಒಳಗೆ ಇಣುಕಿ, "ಹೂಂ" ಅಂದಳು. ಮಾಸ್ತರರೂ ಇಣುಕಲು ಹೋದಾಗ ಮಾಯಾ ಅವರ ಅಂಗಿ ಹಿಡಿದು ಎಳೆದಳು.

ಮರುದಿನ ಬೆಳಿಗ್ಗೆ ಸತ್ಯವ್ವ ಮೊಮ್ಮಗಳನ್ನು ಕರೆದಳು. "ಆ ಕೆಂಪು ಸಾಲು ತಗಿ."

"ಅಜ್ಜಿ! ಹುಬ್ಬಳ್ಳಿ ದುರ್ಗದಬೈಲಿನ ಅಂಗಡಿಯಾಂವ ಕೇಳ್ಯಾನ. ಆ ಸಾಲು ಇನ್ನೂ ದೊಡ್ಡದು ಮಾಡ್ರಿ, ಅಜ್ಜಿ ಫೋಟೋನೂ ಹಾಕ್ರಿ ಅಂದಾನ. ಅದು ಇಲ್ಲಂದ್ರ ಬ್ಯಾಡ ಅಂತಾನ."

"ಬ್ಯಾಡಂದ್ರ ಬ್ಯಾಡ. ಅವನ ಅಂಗಡಿ ಅವನ ತಲಿ ಮ್ಯಾಲೆ ಇಟ್ಕೋಳ್ಳಿ."

"ಮತ್ತ ಏನ ಬರೀಲಿ?"

ಸತ್ಯವ್ವ ಒಲೆಯ ಮೇಲಿನ ಅಗಸೆಯನ್ನು ಕೈಯಾಡಿಸುತ್ತಲೇ ಹೇಳಿದಳು. "ಬರಿ. ಸತ್ಯವ್ವಜ್ಜಿಯ ಅಗಸಿ ಹಿಂಡಿ. ಬೆಣ್ಣಿ ಹಾಕ್ಕೋಬ್ಯಾಡ್ರಿ. ಡಾಕ್ಟರ್ ಕೊಟ್ಟ ಗುಳಗಿ ಬಿಡಬ್ಯಾಡ್ರಿ."

"ಹಿಂಗ ಬರದ್ರ ಯಾರ ಕೊಳ್ತಾರಜ್ಜಿ?"

"ರೊಟ್ಟಿ ತಿನ್ನಾವರು ಕೊಳ್ತಾರ."

ಕೊಂಡರು, ಮೊದಲಿಗಿಂತ ಕಡಿಮೆ. ಪಾಕೀಟುಗಳು ಮತ್ತೆ ತಮ್ಮ ಓಣಿಗೇ ಮರಳಿದವು. ಸ್ನೇಹಲ್ ಒಂದು ವಾರ ಮುಖ ಊದಿಸಿಕೊಂಡಳು. ಚೀಟಿ ಓದಿದ ಒಬ್ಬ ಗಿರಾಕಿ, "ಬೆಣ್ಣಿ ಇಲ್ಲದ ಹಿಂಡಿ ಹ್ಯಾಂಗ ತಿನ್ನೂದ್ರಿ?" ಎಂದು ಪಾಕೀಟು ವಾಪಸು ಇಟ್ಟು ಹೋದ. "ಹೋಗು, ಬೆಣ್ಣಿ ಅಂಗಡಿಗೆ ಹೋಗು" ಎಂದು ಸತ್ಯವ್ವ ಅವನ ಬೆನ್ನಿಗೆ ಕೂಗಿದಳು. ಸಂಜೆಯ ಬಾಯಿ ತೆರೆಸುವ ಕಾರ್ಯಕ್ರಮ ಮಾತ್ರ ತಪ್ಪಲಿಲ್ಲ. ಒಂದು ದಿನ ಇಲ್ಲಿ, ಒಂದು ದಿನ ರೆಹಮತ್‌ಬಿಯ ಮನೆಯಲ್ಲಿ.

ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ರಕ್ತ ಕೊಟ್ಟರು. ನೂರಾ ಹನ್ನೆರಡು.

"ಗುಳಗಿ" ಎಂದಳು ಮಾಯಾ, ಊಟಕ್ಕೆ ಕುಳಿತಾಗ.

"ಅಗಸಿ" ಎಂದಳು ಸತ್ಯವ್ವ.

"ಬೆಣ್ಣಿ ಬಿಟ್ಟದ್ದು" ಎಂದ ರಾಜರತ್ನ. ಮನೆಯಲ್ಲಿ ಅವನು ಮೊದಲ ಸಲ ಅಳತೆ ತೆಗೆದಿದ್ದ.

"ನನ್ನ ತ್ಯಾಗ" ಎಂದರು ಮಾಸ್ತರರು. "ಅಮ್ಮಿನಬಾವಿ ಬೆಣ್ಣಿ ನನ್ನ ಹೆಸರಿನ ಮ್ಯಾಲೆ ಬಂದ್ ಮಾಡೀರಿ. ತಂಗಿ ದಿನಾ ಫೋನ್ ಮಾಡಿ ನನ್ನ ರಕ್ತ ಕೇಳಾಕತ್ತಾಳ."

"ಹೇಳ್ರಿ ಏನರ. ಹೇಳಾಕ ಒಂದು ಬೇನಿ ಬೇಕಂತಿದ್ರೆಲ್ಲ?" ಎಂದಳು ಸತ್ಯವ್ವ.

ಮಾಸ್ತರರು ಯೋಚಿಸಿದರು. ಅದೂ ಖರೆ ಅನಿಸಿತು.

ಸತ್ಯವ್ವ ಈಗ ಎಲ್ಲರ ಜೊತೆಗೇ ಉಣ್ಣುತ್ತಾಳೆ. ತಟ್ಟೆ ಕಣ್ಣಿಗೆ ಬೀಳುವಲ್ಲಿ ಇರಬೇಕೆಂಬುದು ಮಾಯಾಳ ಕರಾರು. ಅವಳು ರೊಟ್ಟಿ ಹಾಕಿಕೊಂಡಳು, ಪಕ್ಕದಲ್ಲಿ ಎರಡು ಚಮಚ ಅಗಸೆ ಹಿಂಡಿ ಸುರಿದುಕೊಂಡಳು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಹೆಬ್ಬೆರಳಿನಿಂದ ನಡುವೆ ಗುಂಡಿ ಒತ್ತಿದಳು.

"ಅತ್ತಿ..." ಎಂದಳು ಮಾಯಾ.

"ಗುಂಡಿ ಮಾಡಬಾರದಂತ ಯಾವ ಡಾಕ್ಟರ್ ಬರದಾನ? ತೋರಸು."

ಖಾಲಿ ಗುಂಡಿಯ ದಂಡೆಯಿಂದ ಒಣ ಹಿಂಡಿಯನ್ನು ರೊಟ್ಟಿಗೆ ಒತ್ತಿ ಬಾಯಿಗಿಟ್ಟಳು. ಪುಡಿ ಗಂಟಲಿಗೆ ಹತ್ತಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಮಾಯಾ ತಂಬಿಗೆಯನ್ನು ಮುಂದೆ ಸರಿಸಿದಳು. ಸತ್ಯವ್ವ ಅದನ್ನು ಮುಟ್ಟದೆ, ರೊಟ್ಟಿಯ ಇನ್ನೊಂದು ಚೂರು ಮುರಿದಳು.